ಶಾಂತವೀರಪ್ಪನವರ ಪಡಸಾಲೆಯ ಕಡಲು

ಶಿಕಾರಿಪುರದ ಬಟ್ಟೆ ವ್ಯಾಪಾರಿ ಶಾಂತವೀರಪ್ಪನವರ ಮನೆಯಲ್ಲಿ ಕಾಫಿ ಸುಮ್ಮನೆ ಸಿಗುವುದಿಲ್ಲ. ನಯಾಪೈಸೆ ಬಂದ ವರ್ಷದಿಂದ ಪಡಸಾಲೆಯಲ್ಲಿ ಕೂತಿರುವ ಗಾಜಿನ ತೊಟ್ಟಿಗೆ ಮೊದಲು ಸೈಕಲ್ ಪಂಪಿನಿಂದ ಗಾಳಿ ಹೊಡೆಯಬೇಕು. ಅದರೊಳಗಿನ ಸಮುದ್ರದ ನೀರು, ಹವಳದ ಕಲ್ಲು, ಅರಿಸಿನ ಬಣ್ಣದ ಮೀನು ಎಲ್ಲವೂ ಡ್ರೈವರ್ ಚೌಡಪ್ಪನ ಬಸ್ಸಿನಲ್ಲಿ ಘಟ್ಟ ಹತ್ತಿ ಬಂದವು. "ಲಿಂಗವಂತರ ಮನ್ಯಾಗೆ ಮೀನೇನ್ರೀ?" ಎಂದು ಯಾರಾದರೂ ಮೂಗು ಮುರಿದರೆ, "ಇವು ತಿನ್ನೋ ಮೀನಲ್ರೀ, ನೋಡೋ ಮೀನು" ಎಂದು ಪಂಪನ್ನು ಅವರ ಕೈಗೇ ಕೊಡುತ್ತಾರೆ. ಬೆಳಿಗ್ಗೆ ಪೂಜೆ ಮುಗಿದೊಡನೆ ತೊಟ್ಟಿಗೆ ಬೆರಳದ್ದಿ ನೆಕ್ಕಿ, "ಉಪ್ಪು ಏರೈತೆ, ಒಂದು ಚೊಂಬು ಬಾವಿ ನೀರು ತಾರೇ" ಎಂದು ಹೆಂಡತಿ ಹಾಲಮ್ಮನನ್ನು ಕೂಗುತ್ತಾರೆ. ಸಾರಿಗೆ ಉಪ್ಪೇ ಬೀಳದ ದಿನ ಮಾತ್ರ ಆ ನಾಲಿಗೆಗೆ ಏನೂ ತಿಳಿಯುವುದಿಲ್ಲ. ಅವರು ಅಲೆಗಳನ್ನು ಬಣ್ಣಿಸತೊಡಗಿದರೆ ಕೇಳುವವರು ಪಂಚೆ ಎತ್ತಿ ಕಟ್ಟಬೇಕು. ಆದರೆ ಕಡಲನ್ನು ಅವರು ಕಂಡವರೇ ಅಲ್ಲ. "ಒಂದ್ಸಲ ನನ್ನ ಬಸ್ಸಿಗೆ ಬರ್ರಲ್ಲ ಸಾವ್ಕಾರ್ರೇ, ಸಮುದ್ರ ತೋರಿಸ್ತೀನಿ" ಎಂದು ಚೌಡಪ್ಪ ಬಂದಾಗಲೆಲ್ಲ ಕರೆಯುತ್ತಾನೆ. "ನಾ ಬಂದ್ರೆ ಇವಕ್ಕೆ ಗಾಳಿ ಹೊಡೆಯೋರು ಯಾರೋ?" ಎನ್ನುತ್ತಾರೆ. "ನಾ ಹೊಡೀತೀನಿ, ಹೋಗಿ ಬರ್ರಿ" ಎಂದು ಹಾಲಮ್ಮ ಒಳಗಿನಿಂದ ಹೇಳಿದರೆ, ಕಿವಿ ಕೇಳದವರಂತೆ ಪಂಪನ್ನು ಇನ್ನೂ ಜೋರಾಗಿ ಒತ್ತುತ್ತಾರೆ.