ಹನ್ನೊಂದು ಡಿಗ್ರಿ

ಪಿಎಚ್‌ಡಿಗೆ ಸೇರಿದ ಎರಡನೇ ವರ್ಷ ನಾನು ಮಾಡಿದ ಒಂದು ವಸ್ತು ಕರಗಬೇಕಾದ ಬಿಸಿಯಲ್ಲಿ ಕರಗಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ದಿನಾ ಬೆಳಿಗ್ಗೆ ಹರಿಹರದಿಂದ ಬಸ್ಸು ಹಿಡಿದು ದಾವಣಗೆರೆಗೆ ಬರುತ್ತಿದ್ದೆ. ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಹಿಂದೆ ಮೊದಲು ಮುರಿದ ಬೆಂಚು ಪೇರಿಸಿಡುತ್ತಿದ್ದ ಕೋಣೆಯೊಂದಿತ್ತು. ಅದೇ ನಮ್ಮ ಪ್ರಯೋಗಾಲಯ. ಅಲ್ಲಿದ್ದವರು ಮೂವರು: ನನ್ನ ಗೈಡ್ ಆಗಿದ್ದ ಪ್ರಾಧ್ಯಾಪಕರು, ನನಗಿಂತ ಎರಡು ವರ್ಷ ಮುಂಚೆ ಸೇರಿದ್ದ ಒಬ್ಬ ಸೀನಿಯರ್, ಮತ್ತು ನಾನು.

ನನ್ನ ಕೆಲಸ ಸಿನ್ನಮಿಕ್ ಆಮ್ಲದ ಮೇಲೆ. ಅಡುಗೆಮನೆಯ ಚಕ್ಕೆಯ ಘಮಕ್ಕೆ ಹತ್ತಿರದ ನಂಟಿರುವ ಆಮ್ಲ ಅದು. ಅದರ ರಚನೆಯನ್ನು ಅಲ್ಲಲ್ಲಿ ಬದಲಿಸಿ, ಅಮೈಡ್ ಎಂಬ ಇನ್ನೊಂದು ಬಗೆಯ ವಸ್ತುವಾಗಿ ಮಾರ್ಪಡಿಸಿ, ಅದು ಬೂಷ್ಟು ಬೆಳೆಯದಂತೆ ತಡೆಯುತ್ತದೆಯೇ ಎಂದು ನೋಡಬೇಕಿತ್ತು. ಒಟ್ಟು ಹನ್ನೆರಡು ಅಮೈಡ್‌ಗಳು. ಮೊದಲನೆಯದನ್ನು ಬೇರೆ ಊರಿನ ಒಬ್ಬ ವಿಜ್ಞಾನಿ ಬಹಳ ಹಿಂದೆಯೇ ಮಾಡಿ ಪ್ರಕಟಿಸಿದ್ದರು. ನಾನೂ ಅದನ್ನು ಮಾಡಿ, ಅವರು ಕೊಟ್ಟ ಕರಗುವ ಬಿಂದುವೇ ಬಂದರೆ ಕೈ ಪಳಗಿತು ಎಂದರ್ಥ. ಆಮೇಲೆ ಉಳಿದ ಹನ್ನೊಂದು, ಯಾರೂ ಮಾಡದಿದ್ದವು.

ಅಚ್ಚಾದ ಪ್ರಬಂಧದಲ್ಲಿ ಅದು ನೂರ ಐವತ್ತೆರಡು ಡಿಗ್ರಿಯಲ್ಲಿ ಕರಗುತ್ತದೆ ಎಂದಿತ್ತು. ನನ್ನದು ನೂರ ಅರವತ್ತಮೂರರವರೆಗೆ ಗಟ್ಟಿಯಾಗಿ ಕೂತಿತ್ತು. ಅಲ್ಲಿಗೆ ಬಂದದ್ದೇ ಗಾಜಿನ ಸಣ್ಣ ನಳಿಗೆಯೊಳಗಿನ ಬಿಳಿ ಪುಡಿ ಒಮ್ಮೆಲೇ ನೀರಾಯಿತು.

"ಎಲ್ಲೋ ತಪ್ಪಾಗೈತೆ ನೋಡಮ್ಮ. ಮತ್ತೊಮ್ಮೆ ಮಾಡು" ಎಂದರು ಗೈಡ್.

ಮಾಡಿದೆ. ನೂರ ಅರವತ್ತಮೂರು. ಮೂರನೇ ಸಲವೂ ಮಾಡಿದೆ. ಆಮ್ಲವನ್ನು ಮೊದಲು ಥಯೊನೈಲ್ ಕ್ಲೋರೈಡ್ ಹಾಕಿ ಕುದಿಸಬೇಕಿತ್ತು. ಅದರ ಹೊಗೆಗೆ ಗಂಟಲು ಉರಿದು, ಬಸ್ಸಿನಲ್ಲಿ ಹರಿಹರ ಮುಟ್ಟುವ ತನಕ ಕೆಮ್ಮುತ್ತಿದ್ದೆ. ಇಷ್ಟಾಗಿಯೂ ಅಂಕಿ ಕದಲಲಿಲ್ಲ.

ಸೀನಿಯರ್ ಕೆಟ್ಟವರೇನಲ್ಲ, ನನ್ನ ಮೇಲಿನ ಕನಿಕರದಿಂದಲೇ ಹೇಳಿದರು. "ನೂರ ಐವತ್ತೆರಡು ಅಂತ ಬರ್ದು ಮುಂದಕ್ಕೆ ಹೋಗ್ರಿ. ಯಾರು ಕರಗಿಸಿ ನೋಡ್ತಾರೆ? ಇನ್ನೂ ಹನ್ನೊಂದು ಅದಾವೆ."

ಸುಳ್ಳು ಯಾಕೆ ಹೇಳಲಿ, ನಾನು ಪೆನ್ನಿನ ಕ್ಯಾಪು ತೆಗೆದೆ. ಒಂದು, ಐದು ಅಂತ ಎರಡು ಅಂಕಿ ಬರೆದೂ ಬರೆದೆ. ಕೊನೆಯ ಎರಡನ್ನು ಬರೆಯಲು ಮಾತ್ರ ಕೈ ಬರಲಿಲ್ಲ. ಪುಟಕ್ಕೆ ಅಡ್ಡಗೆರೆ ಎಳೆದು ಮನೆಗೆ ಹೋದೆ.

ನಮ್ಮ ಅಪ್ಪಾಜಿ ಹರಿಹರದ ಕಾರ್ಖಾನೆಯೊಂದರಲ್ಲಿ ಟರ್ನರ್. ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಕೆಲಸ. ಹತ್ತನೇ ಇಯತ್ತೆ ಓದಿದವರು, ಅಮೈಡ್ ಅಂದರೆ ಏನೆಂದು ಗೊತ್ತಿರಲಿಲ್ಲ. ಆದರೂ ನಾನು ಊಟದ ತಟ್ಟೆ ಮುಂದೆ ಸುಮ್ಮನೆ ಕೂತಿದ್ದು ನೋಡಿ, ಏನಾಯಿತು ಎಂದು ಪೂರ್ತಿ ಕೇಳಿಸಿಕೊಂಡರು.

"ಅಳೆಯೋದು ಸರಿ ಐತೇನು?"

"ಅಂದ್ರೆ?"

"ನಮ್ಮಲ್ಲಿ ಪೀಸು ತಪ್ಪು ಬಂತು ಅಂದ್ರೆ ಮೊದ್ಲು ಗೇಜು ನೋಡ್ತೀವಿ. ಅಳತೆ ಪಕ್ಕಾ ಗೊತ್ತಿರೋ ತುಂಡು ಇಟ್ಟು ನೋಡೋದು. ಗೇಜು ಸರಿ ಐತೆ ಅಂದ್ರೆ ಆಮೇಲೆ ಪೀಸಿನ ಮಾತು."

"ಗೇಜೂ ಸರಿ ಐತೆ, ಪೀಸೂ ಸರಿ ಐತೆ ಅಂದ್ರೆ?"

ಅಪ್ಪಾಜಿ ಸಾರಿನ ಬಟ್ಟಲು ನನ್ನ ಕಡೆ ಸರಿಸಿದರು. "ಹಂಗಾದ್ರೆ ಡ್ರಾಯಿಂಗ್ ತಪ್ಪು. ಒಂದ್ಸಲ ಹಂಗೂ ಆಗಿತ್ತು. ನಾವು ಹೇಳಿದ್ರೆ ಆಫೀಸ್ನೋರು ನಂಬ್ಲಿಲ್ಲ. ತೋರಿಸಿದ ಮೇಲೆ ನಂಬಿದ್ರು."

ಮರುದಿನ ಮೊದಲು ಮಾಡಿದ ಕೆಲಸ ಥರ್ಮಾಮೀಟರಿನ ಪರೀಕ್ಷೆ. ಶುದ್ಧ ಬೆಂಜೋಯಿಕ್ ಆಮ್ಲ ನೂರ ಇಪ್ಪತ್ತೆರಡಕ್ಕೆ ಕರಗಬೇಕು, ಕರಗಿತು. ಸ್ಯಾಲಿಸಿಲಿಕ್ ಆಮ್ಲ ನೂರ ಐವತ್ತೊಂಬತ್ತಕ್ಕೆ, ಅದೂ ಕರಗಿತು. ಗೇಜು ಸರಿ ಇತ್ತು.

ಆಗ ಹಳೆಯ ಪ್ರಬಂಧದ ಜೆರಾಕ್ಸ್ ತೆಗೆದು, ಅಂಕಿ ಬಿಟ್ಟು, ಅವರು ಮಾಡಿದ ಕ್ರಮವನ್ನೇ ಸಾಲುಸಾಲಾಗಿ ಓದಿದೆ. ಕೊನೆಯಲ್ಲಿ ಒಂದು ಸಾಲಿತ್ತು: ಬಂದ ವಸ್ತುವನ್ನು ತಣ್ಣೀರಿನಲ್ಲಿ ತೊಳೆದು ಒಣಗಿಸಲಾಯಿತು. ಬರೀ ನೀರು. ನಾನು ಸೋಡಾ ಕದಡಿದ ನೀರಿನಲ್ಲಿ, ಅಡುಗೆಗೆ ಹಾಕುತ್ತೇವಲ್ಲ ಅದೇ ಸೋಡಾ, ಗುಳ್ಳೆ ಏಳುವುದು ನಿಲ್ಲುವ ತನಕ ತೊಳೆದಿದ್ದೆ. ಅಮೈಡ್ ಆಗದೆ ಉಳಿದ ಆಮ್ಲ ತಣ್ಣೀರಿನಲ್ಲಿ ಹೋಗುವುದಿಲ್ಲ, ಸೋಡಾಕ್ಕೆ ಮಾತ್ರ ಕರಗಿ ಹೋಗುತ್ತದೆ. ಒಂದು ವಸ್ತುವಿನಲ್ಲಿ ಇನ್ನೊಂದರ ಕಲಬೆರಕೆ ಇದ್ದರೆ ಅದು ಕಡಿಮೆ ಬಿಸಿಗೇ ಕರಗುತ್ತದೆ ಎನ್ನುವುದು ಬಿಎಸ್ಸಿಯ ಪಾಠ. ಕುರ್ಚಿಯಿಂದ ಎದ್ದು ನಿಂತೆ. ನನ್ನದು ತಪ್ಪಲ್ಲ, ಅವರದು ಕೊಳೆ ಉಳಿದ ವಸ್ತು.

ಗೈಡ್ ಅವರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಚ್ಚಾಗಿದ್ದು ತಪ್ಪು ಅನ್ನೋಕೆ ನಿನ್ನದು ಸರಿ ಐತೆ ಅಂದ್ರೆ ಸಾಲ್ದಮ್ಮ. ಅವರ ತಪ್ಪು ಹೆಂಗಾಯ್ತು ಅಂತ ತೋರಿಸ್ಬೇಕು."

"ತೋರಿಸ್ತೀನಿ ಸರ್."

ಒಂದು ವಾರ ಕೇಳಿಕೊಂಡೆ. ಈ ಸಲ ಹಳೆಯ ಪ್ರಬಂಧದ ಒಂದೊಂದು ಮಾತನ್ನೂ ಪಾಲಿಸಿದೆ. ಅವರು ಹೇಳಿದಷ್ಟೇ ಹೊತ್ತು ಕುದಿಸಿದೆ, ತಣ್ಣೀರಿನಲ್ಲೇ ತೊಳೆದೆ. ಒಣಗಿದ ಪುಡಿಯನ್ನು ಶುಕ್ರವಾರ ಬೆಳಿಗ್ಗೆ ಗೈಡ್ ಮುಂದೆ ನಳಿಗೆಗೆ ತುಂಬಿದೆ. ಸೀನಿಯರ್ ತಮ್ಮ ಕೆಲಸ ಬಿಟ್ಟು ಹತ್ತಿರ ಬಂದರು. ಬರ್ನರಿನ ಉರಿ ಸಣ್ಣಗೆ ಇಟ್ಟೆ. ಗೈಡ್ ಭೂತಗನ್ನಡಿ ಹಿಡಿದು ಬಗ್ಗಿ ನಿಂತರು. ನೂರ ನಲವತ್ತೆಂಟರಲ್ಲಿ ಪುಡಿಯ ಅಂಚು ಒದ್ದೆಯಾಯಿತು. ಸೋಮಾರಿಯ ಹಾಗೆ ನಿಧಾನಕ್ಕೆ ಇಳಿಯುತ್ತಾ ನೂರ ಐವತ್ತೆರಡಕ್ಕೆ ಪೂರ್ತಿ ನೀರಾಯಿತು.

"ಅವರ ಅಂಕಿ ಬಂತಲ್ಲ" ಎಂದರು ಸೀನಿಯರ್ ಮೆಲ್ಲಗೆ.

ಉಳಿದ ಪುಡಿಯನ್ನು ಸೋಡಾ ನೀರಿಗೆ ಹಾಕಿದೆ. ಬುಸ್ಸೆಂದು ಗುಳ್ಳೆ ಎದ್ದವು. ಸೋಸಿ, ಕೆಳಗೆ ಇಳಿದ ತಿಳಿನೀರಿಗೆ ಹನಿಹನಿಯಾಗಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟೆ. ಬೀಕರಿನ ತುಂಬ ಹಾಲು ಒಡೆದ ಹಾಗೆ ಬಿಳಿಯದು ಕೂಡಿತು. ಇಷ್ಟು ವರ್ಷ ಆ ಅಮೈಡಿನೊಳಗೆ ಅಡಗಿ ಕೂತಿದ್ದ ಆಮ್ಲ ಅದೇ. ಸೋಸುಕಾಗದದ ಮೇಲೆ ಉಳಿದದ್ದನ್ನು ತೊಳೆದು ಒಣಗಲು ಇಟ್ಟು, ಸೋಮವಾರ ಕರಗಿಸಿದೆವು. ನೂರ ಅರವತ್ತಮೂರು.

ಗೈಡ್ ತಾವೇ ಇನ್ನೊಂದು ನಳಿಗೆ ತುಂಬಿ, ತಾವೇ ಉರಿ ಹೊಂದಿಸಿ ಮತ್ತೊಮ್ಮೆ ನೋಡಿದರು. ಆಮೇಲೆ ಕೈ ತೊಳೆದುಕೊಂಡು ಬಂದು, "ಬರ್ರಿ, ದೋಸೆ ತಿನ್ನೋಣ" ಎಂದು ನಮ್ಮಿಬ್ಬರನ್ನೂ ಹೊರಡಿಸಿದರು. ಹೋಟೆಲಿನಲ್ಲಿ ನನ್ನನ್ನು ಕೇಳದೆಯೇ ಎರಡನೇ ದೋಸೆ ಹೇಳಿದರು. "ಇದನ್ನ ಪ್ರಬಂಧ ಬರ್ದು ಜರ್ನಲ್‌ಗೆ ಕಳಿಸೋಣ, ನಿನ್ನ ಹೆಸರು ಮೊದಲು ಬರ್ತೈತೆ" ಎಂದರು. ವಿದ್ಯಾರ್ಥಿಯ ಹೆಸರು ಮುಂದೆ ಹಾಕುವ ರೂಢಿ ಅವರಲ್ಲಿ ಇರಲಿಲ್ಲ. ಸೀನಿಯರ್ ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿ ನಕ್ಕರು. ಆ ವಾರವೆಲ್ಲ ಅವರು ತಮ್ಮ ಹಳೆಯ ಸೀಸೆಗಳಲ್ಲಿದ್ದ ಪುಡಿಗಳನ್ನು ತೆಗೆದು ಸೋಡಾ ನೀರಿನಲ್ಲಿ ತೊಳೆಯುತ್ತಿದ್ದರು.

ಪ್ರಬಂಧ ಕಳಿಸುವ ಮೊದಲು ಹಳೆಯ ವಿಜ್ಞಾನಿಗೆ ಒಂದು ಮಾತು ತಿಳಿಸಬೇಕು ಎಂದು ಗೈಡ್ ಕಾಗದ ಬರೆದರು. ನನಗೆ ಹೆದರಿಕೆಯಾಯಿತು. ಹಿರಿಯರು, ಸಿಟ್ಟಾದರೆ? ಕೆಲವು ವಾರಗಳ ಮೇಲೆ ಉತ್ತರ ಬಂತು. ಗೈಡ್ ನಿಂತುಕೊಂಡೇ ಓದಿದರು. ತಾವು ನಿವೃತ್ತರಾದರೂ ಹಳೆಯ ಶಿಷ್ಯನ ಪ್ರಯೋಗಾಲಯಕ್ಕೆ ಹೋಗಿ, ನನ್ನ ಕ್ರಮದಲ್ಲೇ ಮಾಡಿ ನೋಡಿದ್ದಾಗಿ ಅವರು ಬರೆದಿದ್ದರು. "ನಿಮ್ಮ ವಿದ್ಯಾರ್ಥಿನಿಯ ಅಂಕಿಯೇ ಸರಿ. ಆ ವರ್ಷ ನಾನು ಅವಸರದಲ್ಲಿದ್ದೆ. ಇಷ್ಟು ಕಾಲ ಯಾರೂ ಕೇಳಲಿಲ್ಲ, ಆಕೆ ಕೇಳಿದ್ದು ಸಂತೋಷ." ಓದಿ ಮುಗಿಸಿ ಗೈಡ್ ಆ ಕಾಗದವನ್ನು ಮಡಿಚಿ ನನ್ನ ಕೈಗೆ ಕೊಟ್ಟರು. ನನ್ನ ಕಣ್ಣು ತುಂಬಿ ಬಂದವು, ಮುಚ್ಚಿಡಲು ಹೋಗಲಿಲ್ಲ.

ಪ್ರಬಂಧ ಒಂದಕ್ಷರವೂ ಬದಲಾಗದೆ ಅಚ್ಚಾಯಿತು. ಅದರ ಪ್ರತಿ ಮನೆಗೆ ಒಯ್ದ ದಿನ ಅವ್ವ ಹೋಳಿಗೆ ಮಾಡಿ ಓಣಿಯ ನಾಲ್ಕು ಮನೆಗೆ ಹಂಚಿದಳು. ಪಕ್ಕದ ಮನೆಯವರು ಏನು ವಿಶೇಷ ಎಂದು ಕೇಳಿದರೆ, "ನಮ್ಮ ಹುಡುಗಿ ಪುಸ್ತಕದಾಗಿನ ತಪ್ಪು ತಿದ್ದಿದಾಳೆ" ಎನ್ನುತ್ತಿದ್ದಳು.

"ಒಂದೇ ಒಂದು ಅಂಕಿ ಕಣವ್ವ" ಎಂದೆ ನಾಚಿಕೆಯಿಂದ.

"ಇರ್ಲಿ ಬಿಡು, ತಿದ್ದಿದ್ದು ನೀನೇ ತಾನೆ" ಎಂದು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ಅದರ ಮೇಲೆ ಧಾರಾಳವಾಗಿ ತುಪ್ಪ ಸುರಿದಳು. ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಮುಂದಿನ ಅಮೈಡ್ ಶುರು ಮಾಡಿದೆ.