ಫಲಕದ ಹಿಂದೆ ನಿಂತವನು

ಯುದ್ಧಕಾಲದಲ್ಲಿ ನಾನು ಸೇವೆ ಸಲ್ಲಿಸಿದ ವಾಯು ಕಮಾಂಡಿನ ಇತಿಹಾಸವೆಂದು ಹೊರಬಂದಿರುವ ದಪ್ಪ ಗ್ರಂಥದಲ್ಲಿ, ಶತ್ರುವಿಮಾನಗಳು ನಮ್ಮ ನೆಲೆಯ ಮೇಲೆ ಬಂದಾಗ ನಾನು ಕೆಲಸ ಬಿಟ್ಟು ಕಂದಕಕ್ಕೆ ಓಡಿದೆನೆಂದು ಅಚ್ಚಾಗಿದೆ. ನನ್ನ ಹೆಸರನ್ನು ಊರಿನ ಸಮೇತ ಹಾಕಿದ್ದಾರೆ. ನಾನು ಓಡಲಿಲ್ಲ. ಇಷ್ಟನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮುಂದಿನದನ್ನೆಲ್ಲ ಅಷ್ಟೇ ಸ್ಪಷ್ಟವಾಗಿ ಹೇಳಬಲ್ಲೆನೆಂಬ ಧೈರ್ಯ ನನಗಿಲ್ಲ.

ಆ ಪುಟವನ್ನು ನಾನು ಮೊದಲ ಬಾರಿಗೆ ಓದಿದ್ದು ಬಾಳ್ಳುಪೇಟೆಯಲ್ಲಿ, ಧ್ವನಿವರ್ಧಕದ ಮುಂದೆ ನಿಂತು. ಮಾಜಿ ಸೈನಿಕರ ಸಂಘದವರು ನನ್ನ ಹಳೆಯ ಜೊತೆಗಾರನ ಪತ್ನಿಗೆ ಶಾಲು ಹೊದಿಸುವ ಸಮಾರಂಭ ಏರ್ಪಡಿಸಿದ್ದರು. ಜೊತೆಗಾರ ಆಲೂರಿನ ಕಡೆಯವನು. ತೀರಿಕೊಂಡು ಆರು ವರ್ಷಗಳಾದವು. ಗ್ರಂಥದಲ್ಲಿ ಅವನ ಚಿತ್ರ ಬಂದಿದೆ ಎಂದಷ್ಟೇ ನನಗೆ ತಿಳಿಸಿದ್ದರು. ಸಂಘದಲ್ಲಿ ವಾಯುಪಡೆಯವನು ನಾನೊಬ್ಬನೇ ಆದದ್ದರಿಂದ, ಆ ಭಾಗವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುತ್ತ ಓದುವ ಕೆಲಸ ನನ್ನ ಪಾಲಿಗೆ ಬಂತು. ನನ್ನನ್ನು ಮೂರನೆಯ ಸಾಲಿನಲ್ಲಿ, ಒಂದು ಕಾಲು ಅಲುಗುವ ಕುರ್ಚಿಯ ಮೇಲೆ ಕೂರಿಸಿದ್ದರು. ಅದನ್ನು ಕ್ಷಮಿಸಿದ್ದೇನೆ, ಮರೆತಿಲ್ಲ.

ಜೊತೆಗಾರ ದಾಳಿಯ ನಡುವೆಯೂ ತನ್ನ ಸ್ಥಳ ಬಿಟ್ಟು ಕದಲಲಿಲ್ಲವೆಂದು ಓದಿದೆ. ಓದುವಾಗಲೇ ಏನೋ ತಪ್ಪಿದೆ ಅನ್ನಿಸಿತು. ಆದರೆ ಸಭೆಯಲ್ಲಿ ಚಪ್ಪಾಳೆ ಬಿತ್ತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಮುಂದಿನ ವಾಕ್ಯಕ್ಕೆ ಹೋದೆ. “ಅವನ ಸಹೋದ್ಯೋಗಿಯು ಕಂದಕಕ್ಕೆ ಓಡಿದನು” ಎಂದು ಗಟ್ಟಿಯಾಗಿ ಹೇಳಿದ ಮೇಲೆ, ಆ ಸಹೋದ್ಯೋಗಿಯ ಹೆಸರು ನನ್ನದೆಂದು ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಅದನ್ನೂ ಬಾಯಿ ಓದಿಬಿಟ್ಟಿತ್ತು.

ಸಭೆ ಮುಗಿದ ಮೇಲೆ, ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ ಸಂಘದ ಕಾರ್ಯದರ್ಶಿ ಕಾಫಿ ಲೋಟ ಹಿಡಿದುಕೊಂಡು ಬಂದ.

“ಏನ್ ಮಾರಾಯ, ಏರ್‌ಫೋರ್ಸ್ನೋರು ಮೇಲಕ್ಕೆ ಹಾರ್ತಾರೆ ಅಂದ್ಕಂಡಿದ್ವಿ. ನೀನು ಗುಂಡಿಗೆ ಹಾರ್ಬುಟ್ಟಿದ್ದೀಯಲ್ಲ!”

“ಅದು ತಪ್ಪಾಗಿ ಅಚ್ಚಾಗಿದೆ,” ಎಂದೆ.

“ಆಯ್ತು ಬುಡು, ಬಾಂಬ್ ಬಿದ್ರೆ ಯಾರಾದ್ರೂ ಓಡ್ತಾರೆ. ಆದ್ರೆ ನೀನೇ ಮೈಕಲ್ಲಿ ಓದ್ಬುಟ್ಟು ಈಗ ತಪ್ಪು ಅಂದ್ರೆ ಯಾರ್ ಕೇಳ್ತಾರೆ ಕಣೋ?”

ಅವನ ನಗು ಬೆಳಗೋಡಿನ ಬಸ್ಸು ಹತ್ತುವವರೆಗೂ ನನ್ನ ಬೆನ್ನ ಹಿಂದೆಯೇ ಇತ್ತು.

ಇಲ್ಲಿ ನಮ್ಮ ಕೆಲಸವನ್ನು ವಿವರಿಸಬೇಕು. ಕಾರ್ಯಾಚರಣೆಯ ಕೊಠಡಿಯ ನಡುವೆ ಗಾಜಿನಂಥ ಎತ್ತರದ ಪಾರದರ್ಶಕ ಫಲಕವಿತ್ತು. ಅಧಿಕಾರಿಗಳು ಮುಂದೆ ಕುಳಿತಿರುತ್ತಿದ್ದರು. ನಾವು ಫಲಕದ ಹಿಂದೆ ನಿಂತು, ಕಿವಿಗೆ ಸಿಕ್ಕಿಸಿಕೊಂಡ ಫೋನಿನಲ್ಲಿ ಬರುವ ವಿವರಗಳನ್ನು ಕೇಳಿ, ವಿಮಾನಗಳು ಎಲ್ಲಿವೆ, ಎಷ್ಟಿವೆ ಎಂಬುದನ್ನು ಮೇಣದ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆವು. ಅವರ ಕಣ್ಣಿಗೆ ನೇರವಾಗಿ ಕಾಣಬೇಕಾದರೆ ನಾವು ಪ್ರತಿಯೊಂದು ಅಕ್ಷರವನ್ನೂ ಅಂಕಿಯನ್ನೂ ತಿರುಗುಮುರುಗಾಗಿ, ಕನ್ನಡಿಯೊಳಗೆ ಕಂಡಂತೆ ಬರೆಯಬೇಕಿತ್ತು. ನಾನು ಬಲಗೈಯಿಂದ, ಜೊತೆಗಾರ ಎಡಗೈಯಿಂದ.

ಇನ್ನೊಂದು ನಿಯಮವೂ ಇತ್ತು. ಸೈರನ್ ಕೂಗಿದ ಕೂಡಲೇ ನಮ್ಮಿಬ್ಬರಲ್ಲಿ ಒಬ್ಬ ಕಂದಕಕ್ಕೆ ಹೋಗಲೇಬೇಕು. ಕೊಠಡಿಯ ಮೇಲೆ ಬಾಂಬು ಬಿದ್ದರೂ ಫಲಕದ ಕೆಲಸ ಬಲ್ಲವನೊಬ್ಬ ಜೀವಂತ ಉಳಿದಿರಬೇಕೆಂಬುದು ಅದರ ಉದ್ದೇಶ. ಹೋಗುವ ಸರದಿ ದಿನ ಬಿಟ್ಟು ದಿನ ಬದಲಾಗುತ್ತಿತ್ತು. ನಿಜವಾದ ದಾಳಿ ನಡೆದದ್ದು ಒಂದೇ ದಿನ, ಮಧ್ಯಾಹ್ನದಲ್ಲಿ. ಆ ದಿನ ಹೋಗುವ ಸರದಿ ಅವನದಾಗಿತ್ತು. ಅಪಾಯ ಕಳೆದ ಸೈರನ್ ಆದೊಡನೆ, ಕಂದಕದಲ್ಲಿದ್ದವರು ಹಿಂದಿರುಗುವ ಮೊದಲೇ, ನೆಲೆಯ ಛಾಯಾಗ್ರಾಹಕ ಬಂದು ನಮ್ಮ ಕೊಠಡಿಯಲ್ಲಿ ಫಲಕದ ಹಿಂಬದಿಯಿಂದ ಒಂದು ಚಿತ್ರ ತೆಗೆದ. ಗ್ರಂಥದಲ್ಲಿ ಬಂದಿರುವುದು ಅದೇ. ಆದ್ದರಿಂದ ಆ ಚಿತ್ರದಲ್ಲಿರುವವನೇ ಅಂದು ಉಳಿದವನು. ಅದರಲ್ಲಿ ವಿವಾದವಿಲ್ಲ.

ಚಿತ್ರವನ್ನು ನೋಡಿದೊಡನೆ ಅದು ನಾನೆಂದು ನನಗೆ ತಿಳಿಯಿತು. ತಲೆ ಒಂದು ಪಕ್ಕಕ್ಕೆ ಓರೆಯಾಗಿದೆ, ಮುಖದ ಪಾರ್ಶ್ವ ಕಾಣುತ್ತದೆ, ಚಿಕ್ಕಂದಿನಲ್ಲಿ ಬೇಲಿಯ ಮುಳ್ಳುತಂತಿ ಸೀಳಿದ ಕಿವಿಯಂಚೂ ಕಾಣುತ್ತದೆ. ಗ್ರಂಥವನ್ನು ಸಂಘದವರಿಂದ ಕೇಳಿ ಮನೆಗೆ ತಂದೆ. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ರೀ, ಇದು ನೀವಲ್ಲ ಕಣ್ರೀ.”

“ಕಿವಿ ನೋಡು.”

“ಕಿವಿ ನೋಡೇ ಯೋಳ್ತಿರೋದು. ನಿಮ್ದು ಎಡಗಿವಿ ಹರ್ದಿರೋದು. ಇವನ್ದು ಬಲಗಿವಿ. ಬರೀತಿರೋದೂ ಎಡಗೈಲಿ. ಐವತ್ತು ವರ್ಷದಿಂದ ನಿಮ್ ಮುಖ ನೋಡ್ತಾ ಇವ್ನಿ, ನಂಗೊತ್ತಾಗಲ್ವಾ?”

ಚಿತ್ರದಲ್ಲಿರುವವನ ಎಡಗೈಯಲ್ಲಿ ಪೆನ್ಸಿಲು, ಬಲಗೈಯಲ್ಲಿ ಗಡಿಯಾರ. ಫಲಕದ ಮೇಲಿನ ಅಂಕಿಗಳು ನೇರವಾಗಿವೆ, ಆದರೆ ನನ್ನ ಕೈಬರಹವೆಂದು ಹೇಳಲು ಮನಸ್ಸು ಒಪ್ಪುವುದಿಲ್ಲ. ಅಂದಿನಿಂದ ನನ್ನ ನೆನಪಿನ ಮೇಲೇ ನನಗೆ ಅನುಮಾನ ಹುಟ್ಟಿತು. ಕಂದಕದ ಮಣ್ಣು ಅಂಗಿಯ ಕಾಲರಿನೊಳಗೆ ಉದುರಿದ್ದು ನೆನಪಿದೆ. ಸ್ಫೋಟಕ್ಕೆ ನೆಲ ನಡುಗಿದಾಗ ಫಲಕ ನನ್ನ ಅಂಗೈಗೆ ಜುಮ್ಮೆಂದದ್ದೂ ನೆನಪಿದೆ. ಎರಡೂ ಒಂದೇ ದಿನದ್ದಾಗಲಾರವು. ಮಣ್ಣು ಯಾವ ದಿನದ್ದು? ಸರದಿಯನ್ನು ಬೆರಳಿನ ಮೇಲೆ ಎಣಿಸಿದೆ. ಮೊದಲ ದಿನ ಯಾರು ಹೋದದ್ದೆಂಬುದೇ ಅಳಿಸಿಹೋಗಿತ್ತು. ಎದುರು ಮನೆಯವರು ನಲವತ್ತು ವರ್ಷದ ಹಿಂದೆ ಮದುವೆಗೆ ಕರೆಯದೆ ಬಿಟ್ಟದ್ದನ್ನು ವಾರದ ಸಮೇತ ಹೇಳಬಲ್ಲ ನನಗೆ, ನನ್ನ ಜೀವನದ ಆ ಒಂದು ಮಧ್ಯಾಹ್ನ ಕೈಗೆ ಸಿಗುತ್ತಿರಲಿಲ್ಲ.

ಗಂಟು ಬಿಚ್ಚಿದ್ದು ಆಕಸ್ಮಿಕವಾಗಿ. ಒಂದು ಬೆಳಿಗ್ಗೆ ಗ್ರಂಥವನ್ನು ಆ ಪುಟಕ್ಕೆ ತೆರೆದು, ಚಿತ್ರ ಹೊರಗೆ ಕಾಣುವಂತೆ ಎದೆಗಾನಿಸಿಕೊಂಡು ಬೀರುವಿನ ಕನ್ನಡಿಯ ಮುಂದೆ ಹಾದುಹೋದೆ. ಕನ್ನಡಿಯೊಳಗಿನ ಚಿತ್ರದಲ್ಲಿ ಅಂಕಿಗಳು ತಿರುಗುಮುರುಗಾಗಿದ್ದವು, ಮತ್ತು ಅವು ನನ್ನವು! ಏಳರ ಕಾಲು, ಎಂಟರ ಸೊಂಟ, ಎಲ್ಲ ನನ್ನ ಕೈಯದೇ. ಫಲಕದ ಹಿಂದೆ ನಿಂತು ಬರೆದವನು ನಾನು; ನನ್ನ ಅಕ್ಷರಗಳನ್ನು ನಾನು ಸದಾ ಹಾಗೆಯೇ ಕಂಡದ್ದು, ನೇರವಾಗಿ ಕಂಡವರು ಅಧಿಕಾರಿಗಳು. ಹಿಂಬದಿಯಿಂದ ತೆಗೆದ ಚಿತ್ರದಲ್ಲಿ ಅಂಕಿಗಳು ತಿರುಗಿರಲೇಬೇಕು. ಗ್ರಂಥದಲ್ಲಿ ಅವು ನೇರವಾಗಿವೆ ಎಂದರೆ ಯಾರೋ ಚಿತ್ರವನ್ನೇ ಎಡಬಲವಾಗಿ ಮಗುಚಿ ಹಾಕಿದ್ದಾರೆ.

ಹೆಂಡತಿಯನ್ನು ಕೂಗಿ ಕನ್ನಡಿಯೊಳಗಿನ ಚಿತ್ರ ತೋರಿಸಿದೆ. “ಹಾಂ, ಈಗ ನೀವೇ ಕಣ್ರೀ!” ಎಂದಳು. ನನಗೋ, ಕನ್ನಡಿಯೊಳಗಿನ ಆ ಮುಖ ಅಪರಿಚಿತನದಾಗಿ ಕಂಡಿತು. ನನ್ನ ಮುಖವನ್ನು ನಾನು ಬಲ್ಲದ್ದು ಗಡ್ಡ ಹೆರೆಯುವ ಕನ್ನಡಿಯಿಂದ ಮಾತ್ರ. ಮಗುಚಿದ ಚಿತ್ರದಲ್ಲಿ ನನಗೆ ನನ್ನ ಮುಖ ಸಿಕ್ಕಿತ್ತು, ಅಕ್ಷರ ಸಿಕ್ಕಿರಲಿಲ್ಲ. ಸರಿಯಾದದ್ದರಲ್ಲಿ ಅಕ್ಷರ ಸಿಕ್ಕಿತು, ಮುಖ ಕಳೆದುಹೋಯಿತು. ಇಂದಿಗೂ ಆ ಎರಡನ್ನೂ ಒಟ್ಟಿಗೆ ನೋಡಲು ನನ್ನಿಂದಾಗಿಲ್ಲ.

ಗ್ರಂಥದ ಸಂಪಾದಕ ಮಂಡಳಿಗೆ ನಾಲ್ಕು ಪುಟದ ಪತ್ರ ಬರೆದೆ. ಮೂರು ತಿಂಗಳ ಮೇಲೆ ಉತ್ತರ ಬಂತು. ಮೂಲಪ್ರತಿಯಲ್ಲಿ ಅಂಕಿಗಳು ತಿರುಗಿದ್ದರಿಂದ ಅದನ್ನು ಮುದ್ರಣದ ದೋಷವೆಂದು ಭಾವಿಸಿ “ಸರಿಪಡಿಸಲಾಯಿತು”. ಹಾಗೆ ಸರಿಪಡಿಸಿದ ಚಿತ್ರದಲ್ಲಿ ಎಡಗೈ ಕಂಡದ್ದರಿಂದ, ಇಬ್ಬರಲ್ಲಿ ಎಡಚನಾಗಿದ್ದವನ ಹೆಸರು ಕೊಡಲಾಯಿತು. ಮುಂದಿನ ಮುದ್ರಣದಲ್ಲಿ ಎರಡು ಹೆಸರುಗಳನ್ನು ಅದಲುಬದಲು ಮಾಡಲು ಮಂಡಳಿಯ ಅಭ್ಯಂತರವಿಲ್ಲ. ಪತ್ರದಲ್ಲಿ ನನ್ನ ಹೆಸರಿನ ಹಿಂದೆ “ಶ್ರೀ” ಕೂಡ ಇರಲಿಲ್ಲ.

ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಆಲೂರಿನ ಕಡೆಗೆ, ಜೊತೆಗಾರನ ಮನೆಗೆ ಹೋದೆ. ಆಕೆಗೆ ತಿಳಿಸುವುದು ನ್ಯಾಯವೆಂದುಕೊಂಡಿದ್ದೆ. ನಡುಮನೆಯ ಗೋಡೆಯ ಮೇಲೆ, ದೊಡ್ಡದು ಮಾಡಿಸಿ ಚೌಕಟ್ಟು ಹಾಕಿದ ಅದೇ ಚಿತ್ರ, ಅದಕ್ಕೆ ಸೇವಂತಿಗೆ ಹಾರ. ಹಾರದ ಕೆಳಗಿನಿಂದ ನನ್ನ ಹರಿದ ಕಿವಿ ಇಣುಕುತ್ತಿತ್ತು.

“ಬನ್ನಿ ಅಣ್ಣ, ಕೂತ್ಕಳಿ. ಈ ಫೋಟೋದಲ್ಲಿ ಇವ್ರು ವಸಿ ಬ್ಯಾರೆ ಥರ ಕಾಣ್ತಾರೆ ಅಲ್ವಾ? ಆದ್ರೆ ಎಡಗೈ ಐತಲ್ಲ, ಅದುಕ್ಕೇ ಗೊತ್ತಾಗೋಯ್ತು.”

“ಆಗ ಸಣ್ಣ ವಯಸ್ಸು ಕಣಮ್ಮ,” ಎಂದೆ.

“ಒಂದ್ ಮಾತು ಅಣ್ಣ, ಬೇಜಾರ್ ಮಾಡ್ಕಬ್ಯಾಡಿ. ಅವತ್ತು ಮೈಕಲ್ಲಿ ನಿಮ್ ಬಗ್ಗೆ ಓಡೋದ್ರು ಅಂತ ಬಂತಲ್ಲ, ನಂಗೆ ತಡ್ಕಳಕ್ಕಾಗಲಿಲ್ಲ. ಇವ್ರು ಯೋಳ್ತಿದ್ರು, ಒಬ್ರು ಹೋಗ್ಲೇಬೇಕು ಅಂತ ರೂಲ್ಸ್ ಇತ್ತಂತೆ. ಹೋದೋರ್ನ ಓಡೋದ್ರು ಅಂತಾರಾ?”

ಜೇಬಿನಿಂದ ಪತ್ರ ತೆಗೆಯಲಿಲ್ಲ. ಆಕೆ ಕೊಟ್ಟ ಕಾಫಿ ಕುಡಿದು, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆ.

ಸಂಪಾದಕ ಮಹನೀಯರೇ, ನನ್ನ ಹೆಸರು ಮೇಲಿನ ಸಾಲಿಗೆ ಬರಬೇಕೆಂಬ ಆಸೆ ನನಗೆ ಇಲ್ಲವೆಂದು ಸುಳ್ಳು ಹೇಳಲಾರೆ. ಆದರೆ ನೀವು ಹೇಳಿದಂತೆ ಅದಲುಬದಲು ಮಾಡಿದರೆ, ನಿಯಮಕ್ಕೆ ತಲೆಬಾಗಿ ಹೋದ ಮೃತನೊಬ್ಬ ಕೆಳಗಿನ ಸಾಲಿನಲ್ಲಿ ಓಡಿದವನಾಗುತ್ತಾನೆ. ಹೋಗೆಂದು ಆಜ್ಞೆ ಮಾಡಿದ್ದು ಕಮಾಂಡು. ಓಡಿದನೆಂದು ಬರೆದದ್ದು ನೀವು. ಆ ಪದವನ್ನು ಹಾಗೆಯೇ ಉಳಿಸಿ ಹೆಸರನ್ನಷ್ಟೇ ಬದಲಾಯಿಸುವುದಾದರೆ, ಆಲೂರಿನ ಆ ಮನೆಗೆ ಬಂದು, ಹಾರ ತೆಗೆಸಿ, ಅದನ್ನು ಆಕೆಗೆ ತಿಳಿಸುವವರು ನಿಮ್ಮಲ್ಲಿ ಯಾರು?