ಸೌರಕೋಶದ ಮೋರೆಗೆ ವಿಭೂತಿ

ನಾನು ಪಾಠ ಹೇಳುವ ಶಿಗ್ಗಾವಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕಿಂತ ಪ್ಲಾಸ್ಟಿಕ್ ಕುರ್ಚಿಗಳಿಗೆ ಮರ್ಯಾದೆ ಹೆಚ್ಚು. ಸಮಾರಂಭದ ಕುರ್ಚಿ ಒಟ್ಟಲು ಜಾಗವಿಲ್ಲವೆಂದು ಪ್ರಾಚಾರ್ಯರು ನನ್ನ ಪ್ರಯೋಗಾಲಯದ ಮೇಲೆ ಕಣ್ಣು ಹಾಕಿದ್ದರು. ಆಡಳಿತ ಮಂಡಳಿಯವರು ಬರುವ ದಿನ ನನ್ನ ಸೌರಕೋಶಗಳು ಒಂದು ಪುಟ್ಟ ಫ್ಯಾನು ತಿರುಗಿಸಿದರೆ ಕೋಣೆ ನನ್ನದು, ಇಲ್ಲವಾದರೆ ಕುರ್ಚಿಗಳದು ಎಂದು ತೀರ್ಮಾನವಾಯಿತು.

ಇವು ಬಣ್ಣದಿಂದ ಬೆಳಕು ಹಿಡಿಯುವ ಕೋಶಗಳು. ಗಾಜಿಗೆ ಬಿಳಿ ಪುಡಿಯ ತೆಳು ಪದರ ಬಳಿದು, ಸುಟ್ಟು, ಚಿಕ್ಕೇರೂರಿನ ಅಕ್ಕ ಚಟ್ನಿಗೆಂದು ಕಳಿಸಿದ ಕೆಂಪು ಪುಂಡಿಕಾಯಿಯ ರಸದಲ್ಲಿ ನೆನೆಸಿದ್ದೆ. ಚಟ್ನಿ ತಪ್ಪಿತೆಂದು ಮನೆಯವರು ಮುಖ ಊದಿಸಿಕೊಂಡರು. ಆದರೂ ಫ್ಯಾನು ಅಲುಗಲಿಲ್ಲ. ಹಾಜರಿ ಹಾಕಿಸಿಕೊಂಡು ಹಿಂಬಾಗಿಲಿನಿಂದ ಜಾರುವ ನಮ್ಮ ವಿದ್ಯಾರ್ಥಿಗಳ ಹಾಗೆ ಬೆಳಕು ಪದರ ದಾಟಿ ಹೊರಟುಹೋಗುತ್ತಿತ್ತು. ಹೊಸ ಕೋಶ ಮಾಡಿ, ಆ ಪದರದ ಬೆನ್ನಿಗೆ ದಪ್ಪ ಕಣದ ಬಿಳಿ ಪುಡಿಯ ಇನ್ನೊಂದು ಪದರ ಕೊಟ್ಟೆ. ಬೆಳಕು ಅದಕ್ಕೆ ತಾಗಿ ಚದುರಿ ಮತ್ತೆ ಬಣ್ಣದೊಳಗೆ ಬಂತು. ಫ್ಯಾನು ತಿರುಗಿತು. ನಾನು ಕುಣಿದೆ.

ಮಂಡಳಿಯವರು ಹಾನಗಲ್ಲಿನ ಮದುವೆ ಊಟ ಮುಗಿಸಿ ಬಂದರು. ಬಿಸಿಲಿನಲ್ಲಿ ಮೇಜು ಹಾಕಿಸಿ ಕೋಶಗಳನ್ನು ಸಾಲಾಗಿ ಇಟ್ಟಿದ್ದೆ. ನಮ್ಮ ಕಡೆ ವಿಭೂತಿ ಹಚ್ಚದೆ ಹೊಸ ಪಂಪ್‌ಸೆಟ್ಟಿನ ಗುಂಡಿ ಒತ್ತುವುದಿಲ್ಲ. ಸೌರಕೋಶಕ್ಕೆ ರಿಯಾಯಿತಿ ಎಲ್ಲಿಯದು?

"ಮೊದಲ ಪೂಜಾ ಆಗ್ಲಿ ಮೇಡಂ," ಎಂದರು ಪ್ರಾಚಾರ್ಯರು.

"ಸರ್, ಮುಂದಿನ ಗಾಜಿಗೆ ಹಚ್ಚಬ್ಯಾಡ್ರಿ. ಬೆಳಕು ಒಳಗ ಹೋಗೂದಿಲ್ಲ."

"ಬಿಳೀದು ಹಚ್ಚಿದ್ರ ಬೆಳಕು ಛಲೋ ಹಿಡಿತೈತಿ ಅಂತ ನೀವ ಹೇಳಿದ್ರಲ್ರೀ!"

"ಅದು ಹಿಂದ್ರೀ ಸರ್, ಹಿಂದ!"

ಅಷ್ಟರಲ್ಲಿ ಅವರ ಮೂರು ಬೆರಳು ಎಲ್ಲ ಕೋಶಗಳ ಮೋರೆಯ ಮೇಲೂ ಹರಿದಾಗಿತ್ತು. ನಡುವೆ ಕುಂಕುಮ, ಮೇಲೊಂದು ಚೆಂಡುಹೂವು. ಹಿಂದಿದ್ದು ಬೆಳಕನ್ನು ಒಳಕ್ಕೆ ತಿರುಗಿಸುವ ಬಿಳುಪೇ ಈಗ ಮುಂದೆ ನಿಂತು ಅದನ್ನು ಹೊರಗಟ್ಟಿತು. ಫ್ಯಾನು ಮಿಸುಕಲಿಲ್ಲ. ಒರೆಸಲು ಕೈ ಚಾಚಿದೆ.

"ಪೂಜಾ ಮಾಡಿದ್ದನ್ನ ಅಳಸ್ತಾರೇನ್ರಿ?" ಎಂದು ಮಂಡಳಿಯ ಹಿರಿಯರೊಬ್ಬರು ಗದರಿದರು.

ಪೂಜೆ ಅಚ್ಚುಕಟ್ಟಾಯಿತೆಂದು ಎಲ್ಲರೂ ಹೊಗಳಿದರು. ಪೇಢೆ ತಿಂದು, ಸವಣೂರಿನ ಎಲೆ ಮಡಚಿ ಬಾಯಿಗಿಟ್ಟುಕೊಂಡು ಹೋದರು. ನನಗೆ ಸಿಟ್ಟು ಬಂತು, ಆಮೇಲೆ ಅಳುವೂ ಬಂತು.

ಮುಂದಿನ ವಾರ ಉಳಿದ ಸಾಮಾನು ತರಲು ಆ ಕೋಣೆಗೆ ಹೋದೆ. ಕುರ್ಚಿಗಳು ಸೂರಿನವರೆಗೆ ಏರಿದ್ದವು. ಕೋಶಗಳನ್ನು ಸೆರಗಿನಿಂದ ಒರೆಸಿ ಕಿಟಕಿಯ ಬಿಸಿಲಿಗೆ ಹಿಡಿದೆ. ಫ್ಯಾನು ಗರಗರ ತಿರುಗಿತು. ನೋಡಲು ಅಷ್ಟೊಂದು ಕುರ್ಚಿಗಳಿದ್ದವು, ಒಬ್ಬರೂ ಕುಳಿತಿರಲಿಲ್ಲ.